ಒಂದು ಪೂಜಾಕ್ಕ, ಒಂದು ವ್ಯಾಪಾರಕ್ಕ

ಆಲಮೇಲದ ಸಂಘಮಿತ್ರಾ ಎರಡು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬಸ್ಸಿನ ಕಂಬಿ ಹಿಡಿದು ತಿರುಗಿ, ಆರುನೂರ ಹನ್ನೆರಡು ಅಂಗಡಿಗಳಿಗೆ ಝಣ್‌ಪೇ ಕಂಪನಿಯ ಸ್ಕ್ಯಾನ್ ಬೋರ್ಡು ಅಂಟಿಸಿದ್ದಳು. ಕಂಪನಿ ದಿನೇದಿನೇ ಬೆಳೆಯಿತು, ಆಕೆಯ ಕೆಲಸ ಮಾತ್ರ ಕಾಯಂ ಆಗಲಿಲ್ಲ. ದೀಪಾವಳಿ ಮುಗಿಯಲಿ, ಮಾಡೋಣ ಎಂದು ವಿಜಯಪುರದ ಸಾಹೇಬ ಸುನೀಲಕುಮಾರ ಮಾತು ಕೊಟ್ಟಿದ್ದ.

ಆ ದೀಪಾವಳಿಯೇ ಮುಳುವಾಯಿತು ನೋಡಿ! ಅಮಾವಾಸ್ಯೆಯ ದಿನ ವ್ಯಾಪಾರಸ್ಥರು ತಕ್ಕಡಿ, ಗಲ್ಲಾಪೆಟ್ಟಿಗೆಯ ಜೊತೆಗೆ ಬೋರ್ಡಿಗೂ ಲಕ್ಷ್ಮೀಪೂಜೆ ಮಾಡಿದರು. ರೊಕ್ಕ ಬರುವ ದಾರಿ ಅದೇ ತಾನೆ? ಅರಿಶಿನ, ಕುಂಕುಮ, ಗಂಧ ಧಾರಾಳವಾಗಿ ಬಳಿದರು. ಮರುದಿನ ಯಾವ ಫೋನಿಗೂ ಬೋರ್ಡು ಓದಲು ಬರಲಿಲ್ಲ. ಸಂಘಮಿತ್ರಾಳ ಮನೆಯವರು ಬೌದ್ಧರು, ಅಲ್ಲಿ ಈ ಪೂಜೆಯ ರೂಢಿಯಿಲ್ಲ. ಪಾಪ, ಆಕೆಗೆ ಮೊದಲೇ ಹೊಳೆಯುವುದಾದರೂ ಹೇಗೆ?

"ಏನ್ರಿ ಮೇಡಂ, ನಾಲ್ಕೂ ತಾಲೂಕು ಸತ್ತಂಗ ಬಿದ್ದಾವಲ್ರಿ! ಶನಿವಾರದೊಳಗ ಸರಿ ಮಾಡ್ಲಿಲ್ಲಂದ್ರ ಕಾಯಂ ಮಾತು ಮರತಬಿಡ್ರಿ," ಎಂದು ಸುನೀಲಕುಮಾರ ಫೋನಿನಲ್ಲಿ ಹರಿಹಾಯ್ದ.

ಆಕೆ ಒದ್ದೆ ಬಟ್ಟೆ ಹಿಡಿದು ಸಿಂದಗಿಯ ಕಿರಾಣಿ ಅಂಗಡಿಯ ರುಕ್ಮವ್ವನಲ್ಲಿಗೆ ಓಡಿದಳು. ರುಕ್ಮವ್ವ ಆಕೆಯ ಕೈಯನ್ನೇ ಹಿಡಿದುಕೊಂಡಳು.

"ಹಬ್ಬದ ಕುಂಕುಮ ಒರಸ್ತಿ? ಬಂದ ಲಕ್ಷ್ಮಿನ್ನ ಹೊರಗ ಹಾಕಿದಂಗ ಆಗ್ತೈತಿ. ಬುದ್ಧಿ ಐತಿಲ್ಲೋ ನಿನಗ?"

"ಮತ್ತ ಗಿರಾಕಿ ರೊಕ್ಕ ಹ್ಯಾಂಗ ಹಾಕಬೇಕ್ರಿ ಅವ್ವಾರ?"

"ಇನ್ನೊಂದು ಅಂಟಸು. ಒಂದು ಪೂಜಾಕ್ಕ, ಒಂದು ವ್ಯಾಪಾರಕ್ಕ."

ಆಕೆಗೂ ಅದೇ ಸರಿಯೆನಿಸಿತು. ಊಟ, ನಿದ್ದೆ ಬಿಟ್ಟು ಆರು ದಿನ ಓಡಾಡಿ ಎಲ್ಲ ಅಂಗಡಿಗಳಿಗೂ ಹೊಸ ಬೋರ್ಡು ಅಂಟಿಸಿದಳು.

ಶನಿವಾರ ಸುನೀಲಕುಮಾರನ ದನಿಯೇ ಬೇರೆ. "ಭಲೇ ಮೇಡಂ! ಸಾವಿರದ ಎರಡನೂರ ಇಪ್ಪತ್ನಾಕ ಅಂಗಡಿ! ಒಂದ ವಾರದಾಗ ಡಬಲ್!"

ಹೊಸ ಬೋರ್ಡೆಂದರೆ ಕಂಪನಿಯ ಕಂಪ್ಯೂಟರಿಗೆ ಹೊಸ ಅಂಗಡಿ. ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. ಸಂಘಮಿತ್ರಾಳಿಗೆ ತಡೆಯಲಾಗಲಿಲ್ಲ.

"ಸರ್, ಅಂಗಡಿ ಮೊದಲಿನಷ್ಟ ಅದಾವ್ರಿ. ಬೋರ್ಡ ಎರಡೆರಡ ಆಗ್ಯಾವು."

ಫೋನಿನ ಆ ಕಡೆ ಸುನೀಲಕುಮಾರನ ದನಿ ತಗ್ಗಿತು. "ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಲೆಕ್ಕ ಆಗಲೇ ಮ್ಯಾಲ ಹೋಗೇತಿ."

ಸೋಮವಾರ ಕಾಯಂ ಪತ್ರ ಬಂತು. ಖುಷಿಗೆ ಆಕೆಯ ಕಣ್ಣು ತುಂಬಿದವು. ಎರಡನೇ ಹಾಳೆ ತಿರುವಿದಳು. ಅದರಲ್ಲಿ ಆಕೆಗೆ ಹೊಸ ಗುರಿ ಬರೆದಿತ್ತು: ಇನ್ನು ಪ್ರತಿ ತಿಂಗಳೂ ಅಂಗಡಿಗಳು ಇಮ್ಮಡಿಯಾಗಬೇಕು, ಒಮ್ಮೆ ತಪ್ಪಿದರೂ ಕೆಲಸ ರದ್ದು. ಬೆರಳು ಮಡಚಿ ಎಣಿಸಿದಳು. ಯುಗಾದಿಯ ಹೊತ್ತಿಗೆ ಮೂವತ್ತೊಂಬತ್ತು ಸಾವಿರ.

ಸಹಿ ಹಾಕಿ, ರುಕ್ಮವ್ವನಿಗೆ ಫೋನ್ ಹಚ್ಚಿದಳು.

"ಅವ್ವಾರ, ಬೋರ್ಡಿಗೆ ಪೂಜಾ ಮಾಡೋ ಹಬ್ಬ ಇನ್ನ ಯಾವಾಗ ಬರ್ತೈತ್ರಿ?"