ನೋವನ್ನೇ ಬೇಡಿಕೊಂಡೆ

ನನ್ನ ಕೈ ಸುಡುತ್ತಿದೆ ಎಂದು ನನಗೆ ಗೊತ್ತಾದದ್ದು ವಾಸನೆಯಿಂದ. ಅಂದು ಮಸ್ಕಿಯಲ್ಲಿ ಸಂತೆ. ಬೇಗ ರೊಟ್ಟಿ ಮುಗಿಸಿ ಹೊರಡಬೇಕೆಂದು ಒಲೆಯ ಮುಂದೆ ಕೂತಿದ್ದೆ. ಚರ್ಮ ಸುಟ್ಟ ವಾಸನೆ ಬಂತು. ಕೂಸಿಗೇನಾದರೂ ಕಿಡಿ ಹಾರಿತೇ ಎಂದು ಗಾಬರಿಯಾಗಿ ತಿರುಗಿದೆ. ಹತ್ತು ತಿಂಗಳ ತೆರೇಸಾ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಆಮೇಲೆ ನೋಡಿಕೊಂಡರೆ ನನ್ನ ಎಡಗೈಯ ಮಣಿಕಟ್ಟು ಹಂಚಿನ ಅಂಚಿಗೆ ತಾಗಿಕೊಂಡೇ ಇತ್ತು. ಎಳೆದುಕೊಂಡೆ. ನೋವಾಗಲಿಲ್ಲ.

ಆ ಜಾಗದಲ್ಲಿ ಮಾಸಲು ಬಣ್ಣದ ಮಚ್ಚೆಯೊಂದನ್ನು ಮಳೆಗಾಲದಲ್ಲೇ ಕಂಡಿದ್ದೆ. ಏನೋ ಚಿಬ್ಬು ಎಂದು ಸುಮ್ಮನಿದ್ದೆ. ಈಗ ಸುಮ್ಮನಿರಲಾಗಲಿಲ್ಲ. ಅದು ಏನೆಂದು ಮಸ್ಕಿಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಲಿಂಗಸುಗೂರಿನ ಹೊರಗೆ ಸಿಸ್ಟರುಗಳ ಮನೆ, ಅದರ ಹಿಂದೆ ದೊಡ್ಡ ರೋಗದವರಿಗಾಗಿ, ಅಂದರೆ ಕುಷ್ಠದವರಿಗಾಗಿ, ಸಾಲು ಕೋಣೆಗಳು. ಸಂತೆಯ ದಿನ ಸಿಸ್ಟರ್ ಲೂಸಿ ಮೋಟಾರಿನಲ್ಲಿ ಮಸ್ಕಿಗೆ ಬಂದು, ನಮ್ಮ ಪ್ರಾರ್ಥನೆಯ ಮನೆಯ ಚಪ್ಪರದ ಕೆಳಗೆ ಅಂಥವರ ಹುಣ್ಣು ತೊಳೆಯುತ್ತಿದ್ದರು. ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ನಾನು ಕನ್ಯಾಸ್ತ್ರೀಯಲ್ಲ, ಸಂಸಾರಸ್ಥೆ. ಆದರೂ ಮೂರು ವರ್ಷದಿಂದ ಪಟ್ಟಿ ಒಗೆಯುವುದು, ಸುತ್ತುವುದು ನನ್ನ ಕೆಲಸವಾಗಿತ್ತು. ಬೀಡಿ ಬೆರಳ ಸಂದಿನಲ್ಲೇ ಸುಟ್ಟು ಆರಿದರೂ ಅರಿಯದವರನ್ನು ನೋಡಿದ್ದೆ. ಮಲಗಿದ್ದಾಗ ಇಲಿ ಬೆರಳು ಕಡಿದದ್ದು ಬೆಳಿಗ್ಗೆ ರಕ್ತ ಕಂಡ ಮೇಲೆ ಗೊತ್ತಾದವರನ್ನೂ ನೋಡಿದ್ದೆ.

ಅಂದು ಸಿಸ್ಟರಿಗೆ ಹೇಳಲಿಲ್ಲ. ಬಳೆಗಳನ್ನು ಮಚ್ಚೆಯ ಮೇಲೆ ಎಳೆದುಕೊಂಡು ಪಟ್ಟಿ ಸುತ್ತಿದೆ. ಮರುವಾರ ಜ್ವರ ಎಂದು ಹೋಗಲಿಲ್ಲ. ಅದರ ಮರುವಾರವೂ ಹೋಗಲಿಲ್ಲ. ಮಚ್ಚೆ ಮೆಲ್ಲಗೆ ಬಳೆಯಿಂದ ಹೊರಗೆ ಬಂತು. ಕಿರುಬೆರಳು ಮರದ ತುಂಡಿನಂತಾಯಿತು. ಜಪಮಾಲೆ ಹಿಡಿದರೆ ಮಣಿ ಎಲ್ಲಿದೆ ಎಂದು ಕಣ್ಣಿನಿಂದ ನೋಡಬೇಕಾಯಿತು. "ಅದಾಗಿರದಿರಲಿ ತಾಯಿ" ಎಂಬುದಷ್ಟೇ ಆಗ ನನ್ನ ಪ್ರಾರ್ಥನೆ.

ಕೂಸಿಗೆ ಹಾಲು ಬಿಡಿಸಿದೆ. ಅವಳು ಮೂರು ದಿನ ಅತ್ತಳು. ನಾಲ್ಕನೆಯ ದಿನ ನನ್ನ ಅತ್ತೆ ಮುಂದೆ ಬಂದು ಕೂತರು.

"ಯಾಕವಾ ರೋಸಮ್ಮ, ಎದಿ ತುಂಬ ಹಾಲಿಟ್ಕೊಂಡು ಕೂಸಿನ್ನ ಯಾಕ ಅಳಸಾಕತ್ತೀದಿ?"

ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರು ನನ್ನ ಕೈ ಹಿಡಿದು ಬಳೆ ಸರಿಸಿ ನೋಡಿದರು. ಬೈಯಲಿಲ್ಲ. ಕೈಬಿಟ್ಟು, ಎದ್ದು, ತೊಟ್ಟಿಲನ್ನು ಎಳೆದುಕೊಂಡು ತಮ್ಮ ಕೋಣೆಗೆ ಹೋದರು. ಒಳಗಿನಿಂದ ಅಗಳಿ ಹಾಕಿದ ಸದ್ದು ಕೇಳಿಸಿತು.

ಯಾರು ಯಾರಿಗೆ ಹೇಳಿದರೋ ತಿಳಿಯದು. ಎರಡು ದಿನ ಕಳೆದು ಬಾವಿಗೆ ಹೋದಾಗ ಹೆಂಗಸರು ಮಾತು ನಿಲ್ಲಿಸಿ ತಮ್ಮ ತಮ್ಮ ಕೊಡ ಎತ್ತಿಕೊಂಡರು. ನಾನು ಬಗ್ಗಿ ನೀರು ಸೇದಿ ತಲೆಯೆತ್ತಿದಾಗ ಕಟ್ಟೆಯ ಹತ್ತಿರ ಒಬ್ಬರೂ ಇರಲಿಲ್ಲ.

ಗಂಡ ಚಿನ್ನಪ್ಪ ನನ್ನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದರು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರು ಇದ್ದಲಿನ ಹೊಗೆಯ ಮೇಲೆ ಓಡುತ್ತಿತ್ತು, ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಅಂಥ ಬಿಸಿಲಲ್ಲೂ ಮಚ್ಚೆ ಕಾಣದಿರಲೆಂದು ನನ್ನ ಮೇಲೆ ಕಂಬಳಿ.

"ಯಾಕ್ರೀ, ಸೆಕಿಯಾಗ ಕಂಬಳಿ ಹೊಚ್ಚೀರಿ?" ಎಂದು ಪಕ್ಕದವನು ಕೇಳಿದ.

"ಚಳಿಜ್ವರ ಐತ್ರಿ" ಎಂದರು ನನ್ನ ಗಂಡ. ಆತ ಸರಿದು ಕೂತ.

ಸಿಸ್ಟರ್ ಲೂಸಿ ನನ್ನನ್ನು ಕಿಟಕಿಯ ಬಳಿ ಕೂರಿಸಿದರು. ಅವರು ಮಂಗಳೂರು ಕಡೆಯವರು, ಪುಸ್ತಕದಂತೆ ಮಾತಾಡುತ್ತಿದ್ದರು.

"ಕಣ್ಣು ಮುಚ್ಚು. ಸೂಜಿಯಿಂದ ಮುಟ್ಟುತ್ತೇನೆ. ಮುಟ್ಟಿದಾಗಲೆಲ್ಲ ಹೇಳು."

ಕಣ್ಣು ಮುಚ್ಚಿದೆ. ಕಾದೆ. ಹೊರಗೆ ಯಾರೋ ಕಸ ಗುಡಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ, "ಸುರು ಮಾಡ್ರಿ ಸಿಸ್ಟರಮ್ಮ" ಎಂದೆ.

"ರೋಸಮ್ಮ," ಎಂದರು ಅವರು, "ಆರು ಸಲ ಮುಟ್ಟಿ ಆಯಿತು."

ಕಣ್ಣು ತೆರೆದಾಗ ಮಚ್ಚೆಯ ಮೇಲೆ ಆರು ಕೆಂಪು ಚುಕ್ಕೆಗಳಿದ್ದವು.

ಸಾಲಿನ ಕೊನೆಯ ಕೋಣೆ ನನ್ನದಾಯಿತು. ಅದರಲ್ಲಿ ವಳಕಮದಿನ್ನಿಯ ಹನುಮವ್ವ ಎಂಬ ಹಿರಿಯ ಹೆಂಗಸು ಮೊದಲಿನಿಂದಲೂ ಇದ್ದಳು. ಅವಳ ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು. ಮುಂದೆ ನನಗೇನಾಗಲಿದೆ ಎಂಬುದನ್ನು ನಾನು ದಿನವೂ ಅವಳ ಕೈಯಲ್ಲಿ ನೋಡುತ್ತಿದ್ದೆ. ವಾರಕ್ಕೊಮ್ಮೆ ದಪ್ಪ ಸೂಜಿಯಲ್ಲಿ ಎಣ್ಣೆಯ ಮದ್ದು ಚುಚ್ಚುತ್ತಿದ್ದರು. ಚುಚ್ಚಿದಲ್ಲಿ ಗಡ್ಡೆ ಕಟ್ಟಿ ಜ್ವರ ಬರುತ್ತಿತ್ತು. ಪ್ರತಿ ತಿಂಗಳು ಸಿಸ್ಟರ್ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡುತ್ತಿದ್ದರು.

ಒಂದು ತಿಂಗಳು ನಾನು ಸುಳ್ಳು ಹೇಳಿದೆ. "ಈಗ ಮುಟ್ಟಿದ್ರಿ, ಈಗೂ ಮುಟ್ಟಿದ್ರಿ" ಎಂದು ಊಹೆಯ ಮೇಲೆ ಹೇಳುತ್ತಾ ಹೋದೆ. ಕಣ್ಣು ತೆರೆದರೆ ಸಿಸ್ಟರ್ ಸೂಜಿಯನ್ನು ಯಾವಾಗಲೋ ತಟ್ಟೆಯಲ್ಲಿಟ್ಟು ಕೂತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

ಭಾನುವಾರದ ಪೂಜೆ ಮುಗಿದ ಮೇಲೆ ಚಿನ್ನಪ್ಪ ಕೂಸನ್ನು ಎತ್ತಿಕೊಂಡು ಬಂದು ಬೇಲಿಯ ಆಚೆ ನಿಲ್ಲುತ್ತಿದ್ದರು. ತೆರೇಸಾ ನನ್ನನ್ನು ಕಂಡರೆ ಅವರ ಹೆಗಲಲ್ಲಿ ಮುಖ ಮುಚ್ಚುತ್ತಿದ್ದಳು. ಉಪವಾಸದ ನಲವತ್ತು ದಿನಗಳ ತಪಸ್ಸುಕಾಲ ಬಂದಾಗ ಅವರು ಬರುವುದೂ ನಿಂತಿತು. ಒಂದು ಭಾನುವಾರ, ಎರಡು, ನಾಲ್ಕು. ಬೇಲಿಯ ಹತ್ತಿರ ಹೋಗಿ ನಿಲ್ಲುವುದನ್ನು ನಾನೂ ಬಿಟ್ಟೆ. ಸಂಜೆ ಎಲ್ಲರೂ ಜಪಮಾಲೆ ಹೇಳುವಾಗ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಟ್ಟರೆ ಇದು ದೇವರ ಕೆಲಸಕ್ಕೆ ಸಾಕ್ಷಿ ಆಗುವುದಿಲ್ಲ. ದೇವರಿಗೂ ನನ್ನ ಕೈಯಂತೆಯೇ ಜೀವ ಹೋಗಿದೆ, ನಾನು ಎಷ್ಟು ಮುಟ್ಟಿದರೂ ಆತನಿಗೆ ತಿಳಿಯುವುದಿಲ್ಲ ಎಂದು ಆಗ ಅನ್ನಿಸಿತ್ತು.

ಹನುಮವ್ವ ನಮ್ಮ ಸಭೆಯವಳಲ್ಲ. ಬೆಳಿಗ್ಗೆ ಎದ್ದು ಹನುಮಂತದೇವರಿಗೆ ಕೈ ಮುಗಿಯುವವಳು. ನಾನು ಬಾಯಿ ಮುಚ್ಚಿದ್ದನ್ನು ಅವಳು ಗಮನಿಸಿದ್ದಳು.

"ನಿಮ್ಮ ದೇವ್ರಿಗೆ ಇಷ್ಟು ದಿನ ಏನ್ ಕೇಳಿದಿ?"

"ವಾಸಿ ಮಾಡು ಅಂತ ಕೇಳೀನಿ, ಹನುಮವ್ವಕ್ಕ."

"ಅದು ಭಾಳ ದೊಡ್ಡದಾತು ಬಿಡು. ಮೊದ್ಲ ನೋವು ಕೊಡು ಅಂತ ಕೇಳು. ನೋವಿದ್ದಲ್ಲಿ ಜೀವ ಇರತೈತಿ. ಕಾಲಿಗೆ ಮುಳ್ಳು ಚುಚ್ಚಿ ನಾ ಅತ್ತು ಹದಿನೈದು ವರ್ಷ ಆತು. ಅದು ಎಂಥಾ ಭಾಗ್ಯ ಅಂತ ಆಗ ನನಗ ತಿಳಿದಿದ್ದಿಲ್ಲ."

ಅಂದಿನಿಂದ ನಾನು ಮತ್ತೆ ಬಾಯಿ ತೆರೆದೆ. ಪ್ರತಿ ಮಣಿಗೂ ಒಂದೇ ಮಾತು: ಕರ್ತನೇ, ನೋಯಿಸು.

ಯೇಸುಸ್ವಾಮಿ ಸಾವಿನಿಂದ ಎದ್ದುಬಂದ ಪಾಸ್ಕ ಹಬ್ಬ ಕಳೆಯಿತು. ಎರಡನೇ ವಾರ, ಮಧ್ಯಾಹ್ನ, ಒಲೆಗೆ ಜಾಲಿ ಕಟ್ಟಿಗೆ ತರಲು ಹೊರೆಯೊಳಗೆ ಎಡಗೈ ಹಾಕಿದೆ. "ಅವ್ವಾ!" ಎಂದು ಯಾರೋ ಕೂಗಿದರು. ಕೂಗಿದವಳು ನಾನೇ. ಮಚ್ಚೆಯ ನಡುವೆ ಉದ್ದನೆಯ ಮುಳ್ಳು ಆಳಕ್ಕೆ ಇಳಿದಿತ್ತು. ಉರಿಯುತ್ತಿತ್ತು. ಕೀಳಲು ಮನಸ್ಸು ಬರದೆ ಕೈ ಎತ್ತಿ ಹಿಡಿದುಕೊಂಡು ಅಂಗಳದ ತುಂಬ ಓಡಿದೆ.

"ನೋಯಾಕತ್ತೈತಿ ಸಿಸ್ಟರಮ್ಮ! ನೋಯಾಕತ್ತೈತಿ!"

ಸಿಸ್ಟರ್ ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿದವಳಲ್ಲವೇ! ಮುಳ್ಳು ಕಿತ್ತು, ಕಣ್ಣಿಗೆ ಬಟ್ಟೆ ಕಟ್ಟಿ, ಸೂಜಿ ತಂದರು. ಹತ್ತು ಸಲ ಮುಟ್ಟಿದರಂತೆ. ಎಂಟು ಸಲ ಹೇಳಿದೆ, ಎಂಟೂ ಸರಿ. ಕಣ್ಣಿನ ಪಟ್ಟಿ ಬಿಚ್ಚಿಕೊಂಡಾಗ ಅವರು ನೆಲದ ಮೇಲೆ ಮೊಣಕಾಲೂರಿದ್ದರು.

ಮಚ್ಚೆ ಆರಲು ಇನ್ನೂ ಒಂದು ವರ್ಷ ಹಿಡಿಯಿತು. ಇನ್ನು ಮನೆಗೆ ಹೋಗಬಹುದೆಂದು ಡಾಕ್ಟರ್ ಸಾಹೇಬರು ಚೀಟಿ ಬರೆದುಕೊಟ್ಟರು. ಕಿರುಬೆರಳು ಮಾತ್ರ ಇವತ್ತಿಗೂ ಬಾಗಿಯೇ ಇದೆ. ಅತ್ತೆ ಆ ಚೀಟಿ ನೋಡಿದರೂ ನನ್ನನ್ನು ಹೊಸ್ತಿಲು ದಾಟಿಸಲಿಲ್ಲ. ತಪಸ್ಸುಕಾಲದಲ್ಲಿ ಮಗನನ್ನು ತಡೆದದ್ದೂ ಅವರೇ ಎಂದು ಆಗ ತಿಳಿಯಿತು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ತೀರಿಹೋಗುವ ತನಕ ಅವರು ನನ್ನ ಕೈಯಿಂದ ಗುಟುಕು ನೀರು ಕುಡಿಯಲಿಲ್ಲ. ಚೀಟಿ ತೋರಿಸಿದ ಆ ದಿನ ಚಿನ್ನಪ್ಪ ಅಂಗಳದಲ್ಲಿ ಒಂದು ಗಳಿಗೆ ನಿಂತರು. ಒಳಗೆ ಹೋಗಿ ತೆರೇಸಾಳನ್ನು ಎತ್ತಿಕೊಂಡು ಬಂದರು. "ನಡಿ" ಎಂದರು. ಅಷ್ಟೇ. ನಾವು ಮೂವರೂ ಲಿಂಗಸುಗೂರಿಗೆ ಬಂದು ಸಿಸ್ಟರುಗಳ ಹಿತ್ತಲಿನ ಮನೆಯಲ್ಲಿ ನೆಲೆಯಾದೆವು. ಚಿನ್ನಪ್ಪ ತೋಟ ನೋಡುತ್ತಾರೆ, ನಾನು ಸಾಲಿನ ಕೋಣೆಗಳನ್ನು ನೋಡಿಕೊಳ್ಳುತ್ತೇನೆ. ತೆರೇಸಾ ನನ್ನ ಹತ್ತಿರ ತಾನಾಗಿ ಬರಲು ಎರಡು ತಿಂಗಳು ಬೇಕಾಯಿತು.

ಹನುಮವ್ವನ ಕೈಗೆ ನೋವು ಬರಲಿಲ್ಲ. ನನಗೆ ಬೇಡಲು ಕಲಿಸಿದವಳಿಗೇ ಯಾಕೆ ಕೊಡಲಿಲ್ಲ ಎಂದು ದೇವರನ್ನು ಕೇಳಿದ್ದೇನೆ. ಉತ್ತರ ಸಿಕ್ಕಿಲ್ಲ. ಕೇಳಿಸಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಈಗ ಬಲ್ಲೆ, ಅದಕ್ಕೇ ಕೇಳುವುದನ್ನು ಬಿಟ್ಟಿಲ್ಲ. ಸಂಜೆ ಅವಳ ಕಾಲು ತೊಳೆಯಲು ಬೋಗುಣಿಯಲ್ಲಿ ನೀರು ಹದ ಮಾಡುತ್ತೇನೆ. ಬಿಸಿ ಹೆಚ್ಚಾದರೆ ಅವಳಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲು ನನ್ನ ಎಡಗೈ ಅದ್ದುತ್ತೇನೆ.

"ಹ್ಯಾಂಗೈತಿ?" ಎಂದು ಕೇಳುತ್ತಾಳೆ ಅವಳು.

"ಸುಡತೈತಿ ಹನುಮವ್ವಕ್ಕ. ಸ್ವಲ್ಪ ತಡಿ" ಎನ್ನುತ್ತೇನೆ, ಮನಸ್ಸಿನಲ್ಲೇ ಕರ್ತನಿಗೆ ವಂದಿಸುತ್ತಾ.