ಹುಳದಕ್ಕನ ಖಾಲಿ ಹನಿ

ಇಪ್ಪತ್ತು ವರ್ಷದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು, ಸಮುದ್ರದ ಹನಿಯೊಳಗಿನ ಜೀವಿಗಳನ್ನು ಎಣಿಸುವುದೇ ಅವಳ ನೌಕರಿ. ಮನೆಯವರಿಗೆಲ್ಲ ಅವಳು ಹುಳದಕ್ಕ. ಆ ಜೀವಿಗಳು ಸತ್ತರೆ ನೀರು ಕೆಟ್ಟಿದೆಯೆಂದೇ ಲೆಕ್ಕ. ಅಣ್ಣನ ಮಗಳು ಈಜು ಕಲಿಯುವ ದಡದ ನೀರಿನಲ್ಲಿ ಈ ಸಲ ಒಂದೂ ಉಳಿದಿರಲಿಲ್ಲ. ದಡ ಮುಚ್ಚಿಸಲು ಸಾಹೇಬರ ಸಹಿ ಬೇಕಿತ್ತು. ಅವರು ಮೂರನೇ ಸಲ ಸೂಕ್ಷ್ಮದರ್ಶಕದೊಳಗೆ ಇಣುಕಿದರು.

“ಏನೂ ಇಲ್ವಲ್ಲಮ್ಮ! ನೀರು ಶುದ್ಧವಾಗಿದೆ.”

“ಸಾರ್, ಹೋದ ತಿಂಗಳು ಇದೇ ನೀರಲ್ಲಿ ಸಂತೆ ನೆರೆದಿತ್ತು!”

“ಪೀಡೆ ತೊಲಗ್ತು ಅನ್ಕೊಳ್ಳಿ.”

ಅವಳು ಹಣೆ ಚಚ್ಚಿಕೊಂಡಳು. “ಊಟದ ಹೊತ್ತಲ್ಲಿ ಹೋಟೆಲೊಳಗೆ ಒಂದು ನರಪಿಳ್ಳೆಯೂ ಇಲ್ಲದಿದ್ರೆ, ನೀವು ಹೋಗಿ ಉಣ್ತೀರಾ ಸಾರ್?”

ಸಾಹೇಬರು ಹೊಟ್ಟೆ ಸವರಿಕೊಂಡು ಪೆನ್ನು ತೆಗೆದರು.