ಮಳೆಮಾಪಕದ ತಳದ ಅರಿಶಿನ

ಅಂದೂ ಐದಕ್ಕೇ ಎದ್ದೆ. ಅಂಗಳ ಗುಡಿಸಿ, ಹೊಸ್ತಿಲಿಗೆ ನೀರು ಚಿಮುಕಿಸಿ, ಒಲೆ ಹೊತ್ತಿಸಿದೆ. ಮಗಳಿಗೆ ಮೂರು ದಿನದಿಂದ ಜ್ವರ. ಹಣೆ ಮುಟ್ಟಿದರೆ ಸ್ವಲ್ಪ ಇಳಿದಂತಿತ್ತು. ಹಾಲು ಕಾಯಿಸಿ ನಾಲ್ಕು ಗುಟುಕು ಕುಡಿಸಿದೆ. ರೊಟ್ಟಿಗೆ ಹಿಟ್ಟು ನಾದಬೇಕಿತ್ತು, ನಾದದೆ ಗೋಡೆಗೊರಗಿ ಕೂತುಬಿಟ್ಟೆ. ಎಂಟೂವರೆಗೆ ಐದು ನಿಮಿಷವಿದೆ ಎನ್ನುವಾಗ ಗಡಿಯಾರ ಕಣ್ಣಿಗೆ ಬಿತ್ತು. ಸೆರಗು ಸಿಕ್ಕಿಸಿಕೊಂಡು, ಪುಸ್ತಕ, ಪೆನ್ನು, ಅಳತೆಯ ಗಾಜು ಹಿಡಿದು ಹಿತ್ತಲಿಗೆ ಹೋದೆ.

ನಾವಾಗ ಶಹಾಪುರದಲ್ಲಿದ್ದೆವು. ನಮ್ಮವರು ಸರಕಾರಿ ಶಾಲೆಯ ಮಾಸ್ತರು. ಶಾಲೆಯ ಹಿಂದಿನ ನಮ್ಮ ಮನೆಗೆ ದೊಡ್ಡ ಬಯಲು ಹಿತ್ತಲು ಇದ್ದುದರಿಂದ ಹವಾಮಾನದವರು ಅಲ್ಲಿ ತಂತಿಬೇಲಿ ಹಾಕಿ ಎರಡು ವಸ್ತು ಇಟ್ಟಿದ್ದರು. ಒಂದು, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಒಳಗೆ ಉಷ್ಣಮಾಪಕಗಳು. ಓಣಿಯವರು ಅದನ್ನು ಪಾರಿವಾಳದ ಗೂಡು ಎನ್ನುತ್ತಿದ್ದರು. ಇನ್ನೊಂದು, ನೆಲದಲ್ಲಿ ಅರ್ಧ ಹೂತಿದ್ದ ಮಳೆಮಾಪಕ. ಮೇಲೆ ಅಗಲ ಬಾಯಿಯ ಲಾಳಿಕೆ, ಕೆಳಗೆ ನೀರು ಕೂಡುವ ಸೀಸೆ.

ಆ ವರ್ಷ ಲೋಕದ ಹಲವು ದೇಶಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಎಲ್ಲರೂ ಒಂದೇ ಗಳಿಗೆಗೆ ಗಾಳಿ, ಬಿಸಿಲು, ಮಳೆ ಅಳೆಯುವುದು, ಅಳೆದದ್ದನ್ನು ಮುಚ್ಚಿಡದೆ ಹಂಚಿಕೊಳ್ಳುವುದು. ಒಬ್ಬರ ಮುಖ ಒಬ್ಬರು ನೋಡದ ದೇಶಗಳೂ ಅದರಲ್ಲಿದ್ದವಂತೆ. ನಮ್ಮ ಅಂಕಿ ತಂತಿಯಲ್ಲಿ ಪುಣೆಗೆ ಹೋಗಿ, ಅಲ್ಲಿಂದ ಸಮುದ್ರದಾಚೆಗೆ ಹೋಗುತ್ತಿತ್ತು. ಎಂಟೂವರೆಗೆ ನಾನು ಬಗ್ಗಿ ನೋಡುವಾಗ ಎಲ್ಲೋ ಹಿಮದ ಊರಿನಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಕೈಗವಸು ತೊಟ್ಟ ಇನ್ನೊಬ್ಬರು ಹೀಗೇ ಬಗ್ಗಿರುತ್ತಾರೆ ಎಂದು ನೆನೆಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಅವರ ಬೆನ್ನೂ ನೋಯುತ್ತಿರಬಹುದು.

ಕೆಲಸ ನಮ್ಮವರ ಹೆಸರಿನಲ್ಲಿತ್ತು. ಪುಸ್ತಕ ತುಂಬುತ್ತಿದ್ದವಳು ನಾನು. ಅವರು ನಿಜಾಮರ ಕಾಲದಲ್ಲಿ ಉರ್ದು ಓದಿ ಮಾಸ್ತರಾದವರು. ಮನೆಮಾತು ಕನ್ನಡವೇ ಆದರೂ ಬರೆಯಲು ಕೂತರೆ ಕೈ ಬಲದಿಂದ ಎಡಕ್ಕೆ ಹೊರಡುತ್ತಿತ್ತು. ಈಗ ನಾವೆಲ್ಲ ಕನ್ನಡದ ಹೊಸ ರಾಜ್ಯಕ್ಕೆ ಸೇರಿದ್ದೆವು. ಅವರಂಥ ಮಾಸ್ತರುಗಳು ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. ಹವಾಮಾನದ ಕಾಗದಗಳೋ ಇಂಗ್ಲಿಷಿನಲ್ಲಿ. ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಆ ಪುಸ್ತಕ ಅಡುಗೆಮನೆಯ ಗೂಡಿಗೆ ಬಂದು ಸೇರಿತು. ಕೆಳಗೆ ಸಹಿ ಮಾತ್ರ ಅವರದು. ನೇಮಕವಾದವರಲ್ಲದೆ ಬೇರೆ ಯಾರೂ ಅಳತೆ ನೋಡಕೂಡದೆಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು. ಆ ಪುಟವನ್ನು ನಾವಿಬ್ಬರೂ ತಿರುವುತ್ತಿರಲಿಲ್ಲ.

ಈ ಕೆಲಸದಿಂದ ಒಂದು ಉಪಕಾರವಿತ್ತು. ಇದು ನಡೆಯುವಷ್ಟು ದಿನ ಅವರನ್ನು ವರ್ಗ ಮಾಡುವುದಿಲ್ಲ ಎಂದು ಕೆಲಸ ವಹಿಸಿದ ಸಾಹೇಬರು ಹೇಳಿದ್ದರು. ಲೆಕ್ಕ ತಪ್ಪಿದರೆ ನಮ್ಮ ಹಿತ್ತಲನ್ನು ಪಟ್ಟಿಯಿಂದ ತೆಗೆಯುವುದಾಗಿಯೂ ಹೇಳಿದ್ದರು. ಮದುವೆಯಾದಾಗಿನಿಂದ ಸುರಪುರ, ಹುಣಸಗಿ, ಯಾದಗಿರಿ ಎಂದು ಗಂಟು ಕಟ್ಟಿ ಬಿಚ್ಚಿ ನನಗೆ ಸಾಕಾಗಿತ್ತು. ಇನ್ನು ಮುಂದಿನ ವರ್ಗ ಎಂದರೆ ದಕ್ಷಿಣದ ಯಾವುದೋ ಜಿಲ್ಲೆ. ಒಂದು ಮನೆಯ ಗೋಡೆಗೆ ಎರಡನೆಯ ಸಲ ಸುಣ್ಣ ಬಳಿಯುವಷ್ಟು ದಿನ ಅಲ್ಲೇ ಇರಬೇಕೆಂಬುದಷ್ಟೇ ನನ್ನ ಆಸೆ.

ಅಂದು ಅವರು ಪರೀಕ್ಷೆಗೆಂದು ಯಾದಗಿರಿಗೆ ಹೋಗಿದ್ದರು. ನಾನು ಲಾಳಿಕೆ ಎತ್ತಿ ನೋಡಿದರೆ ಸೀಸೆಯಲ್ಲಿ ನೀರು! ಜೂನಿನ ಮಿರಗದ ಮಳೆಯೂ ಕೈಕೊಟ್ಟು, ವಾರಗಟ್ಟಲೆ ಸೊನ್ನೆ ಬರೆದೂ ಬರೆದೂ ನನ್ನ ಸೊನ್ನೆಗಳು ಒಂದೇ ಅಚ್ಚಿನಲ್ಲಿ ತೆಗೆದಂತಾಗಿದ್ದವು. ಗಾಜಿಗೆ ಸುರಿದೆ. ಒಂದು ಸಲ ತುಂಬಿತು, ಎರಡು ಸಲ, ಮೂರು ಸಲ. ಒಂದೂವರೆ ಇಂಚು. ಬೆಳಿಗ್ಗೆ ಕಸ ಗುಡಿಸುವಾಗ ಧೂಳೆದ್ದು ಸೀನಿದವಳು ನಾನೇ. ಆದರೂ ಕಣ್ಣು ಕಂಡದ್ದು ನಿದ್ದೆಗೆಟ್ಟ ತಲೆಗೆ ಹೋಗಲಿಲ್ಲ. ಕೈ ತನ್ನಷ್ಟಕ್ಕೆ ಬರೆಯಿತು. ತಂತಿಯ ಚೀಟಿಯನ್ನು ಶಾಲೆಯ ಮುದಿ ಜವಾನ ಬಂದು ಒಯ್ದ. ‘ಮಳಿ ಆಗ್ಯಾದೇನ್ರಿ ಬಾಯಾರ?’ ಎಂದು ಮುಗಿಲು ನೋಡುತ್ತಾ ಹೋದ.

ಗಾಜು ತೊಳೆಯುವಾಗ ತಳದಲ್ಲಿ ಹಳದಿ ಕಂಡಿತು. ಬೆರಳಿನಿಂದ ತೆಗೆದು ಮೂಸಿದೆ. ಅರಿಶಿನ.

ಅಷ್ಟರಲ್ಲಿ ಪಕ್ಕದ ಕಿರಾಣಿ ಅಂಗಡಿಯವರ ತಾಯಿ ನನ್ನ ಮಗಳಿಗೆಂದು ಗಂಜಿ ತಂದರು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಸದಾ ಮಾತು. ನಾನು ಅವರನ್ನು ಆಯಿ ಎನ್ನುತ್ತಿದ್ದೆ.

‘ಆಯಿ, ನಿನ್ನಿ ನಮ್ಮ ಹಿತ್ತಲದಾಗ ಯಾರರೆ ಬಂದಿದ್ರೇನ್ರಿ?’

‘ಯಾರರೆ ಯಾಕ, ನಾನ ಬಂದಿದ್ದೆ. ಮಧ್ಯಾಹ್ನ ಗುರ್ಜಿ ಬಂದಿತ್ತಲ್ಲ.’

ಮಳೆ ತಡವಾದರೆ ನಮ್ಮ ಕಡೆ ಗುರ್ಜಿ ಆಡುತ್ತಾರೆ. ತಲೆಯ ಮೇಲೆ ರೊಟ್ಟಿ ಹಂಚು ಹೊತ್ತು, ಅದರಲ್ಲಿ ಗುರ್ಜಿ ಎಂಬ ಸಗಣಿಯ ಬೊಂಬೆಯನ್ನು ಕೂರಿಸಿ, ಮನೆಮನೆಯ ಮುಂದೆ ಬಂದು ನಿಲ್ಲುತ್ತಾರೆ. ಮನೆಯ ಹೆಂಗಸು ಅರಿಶಿನ ಹಾಕಿದ ನೀರನ್ನು ಅದರ ಮೇಲೆ ಸುರಿಯಬೇಕು. ಆ ಹೊತ್ತಿನಲ್ಲಿ ನಾನು ಮಗಳ ಪಕ್ಕದಲ್ಲಿ ಕಣ್ಣು ಮುಚ್ಚಿದ್ದೆ.

‘ನೀ ಮಲಗಿದ್ದಿ, ಎಬ್ಬಸಲಿಲ್ಲ. ನಿನ್ನ ಪಾಲಿಂದೂ ನಾನ ಹಾಕ್ದೆ’ ಎಂದರು ಆಯಿ.

‘ಗುರ್ಜಿ ಮ್ಯಾಲ ಹಾಕಬೇಕಿಲ್ರಿ. ಅದರಾಗ ಯಾಕ ಹಾಕಿದ್ರಿ?’

‘ಗುರ್ಜಿಗೂ ಹಾಕ್ದೆ. ಒಂದು ತಂಬಿಗಿ ಉಳದಿತ್ತು. ದಿನಾ ಮುಂಜಾನಿ ನೀ ಅದರ ಬಾಯಾಗ ಇಣಕತಿ, ಸಪ್ಪಗ ಮಾರಿ ಮಾಡ್ಕೊಂಡು ಹೊಳ್ಳಿ ಬರ್ತಿ. ನಾ ಗ್ವಾಡಿ ಈ ಕಡೆಯಿಂದ ನೋಡಂಗಿಲ್ಲೇನು? ಮಳಿ ಬೇಡೋ ಗಡಗಿ ಅದು. ಅದಕ್ಕ ಹಾಕಲಿಲ್ಲಂದ್ರ ಮತ್ತ್ಯಾರಿಗಿ ಹಾಕಬೇಕು?’

‘ಮಳಿ ಆಗ್ಯಾದ ಅಂತ ತಂತಿ ಕಳಿಸೀನಿ, ಆಯಿ. ಬ್ಯಾರೆ ಬ್ಯಾರೆ ದೇಶದವ್ರು ಓದ್ತಾರ.’

‘ಓದ್ಲಿ ಬಿಡು. ಅವ್ರೇನು ಇಲ್ಲಿ ಬಂದು ಬಿತ್ತತಾರೇನು?’

ನಗು ಬಂತು. ನಗಲು ಶಕ್ತಿ ಇರಲಿಲ್ಲ. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನಿಜ. ಲೋಕದ ಅಷ್ಟೊಂದು ಅಂಕಿಗಳ ನಡುವೆ ಒಂದು ತಂಬಿಗೆ ನೀರು. ತಿದ್ದಿದರೆ, ಯಾರು ತಪ್ಪು ನೋಡಿದರು ಎಂಬ ಪ್ರಶ್ನೆ ಬರುತ್ತದೆ. ಆದರೆ ಹಿಮದ ಊರಿನ ಆ ಇನ್ನೊಬ್ಬರು ಚಳಿಯಲ್ಲಿ ಎದ್ದು ಸರಿಯಾಗಿ ಬರೆದಿರುತ್ತಾರಲ್ಲ, ಅವರ ಸಾಲಿನ ಪಕ್ಕದಲ್ಲಿ ನನ್ನ ಅರಿಶಿನದ ನೀರು ಮಳೆಯೆಂದು ಕೂತಿರುತ್ತದೆ. ಮಗಳನ್ನು ಆಯಿಯ ಹತ್ತಿರ ಬಿಟ್ಟು, ಚಪ್ಪಲಿ ಮೆಟ್ಟಿ, ಬಿಸಿಲಿನಲ್ಲಿ ಅಂಚೆಕಚೇರಿಗೆ ನಡೆದೆ.

ಪೋಸ್ಟ್ ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. ‘ಮುಂಜಾನಿ ಮಳಿ ಆಗ್ಯಾದ ಅಂದ್ರಿ, ಈಗ ಆಗಿಲ್ಲ ಅಂತೀರಿ. ಮಳಿನೂ ರಾಜಿನಾಮಾ ಕೊಡ್ತದೇನ್ರಿ ಬಾಯಾರ?’

‘ತಪ್ಪಾಗ್ಯಾದ್ರಿ. ಸೊನ್ನಿ ಅಂತ ಕಳಸ್ರಿ.’

‘ಕಳಸ್ತೀನ್ರಿ. ಕೆಳಗ ಹೆಸರು ಮಾಸ್ತರ್ದ ಹಾಕ್ಲೇನು?’

ಅಲ್ಲಿಯೇ ನಾನು ತಡವರಿಸಿದೆ. ಮಾಸ್ತರರು ಅದೇ ಹೊತ್ತಿಗೆ ಯಾದಗಿರಿಯಲ್ಲಿ ಪರೀಕ್ಷೆಗೆ ಕೂತಿದ್ದರು. ಅಲ್ಲಿಯ ಹಾಜರಿಯಲ್ಲೂ ಅವರ ಸಹಿ ಇರುತ್ತದೆ. ಬೆಳಗಿನ ಚೀಟಿಯಲ್ಲಿ ಅವರ ಹೆಸರನ್ನು ದಿನದ ಅಭ್ಯಾಸದಂತೆ ಹಾಕಿದ್ದೆ. ಎರಡನೆಯ ಸಲ, ಗೊತ್ತಿದ್ದೂ ಹಾಕಲು ಕೈ ಬರಲಿಲ್ಲ.

‘ಬ್ಯಾಡ್ರಿ. ನಂದ ಹಾಕ್ರಿ. ನೋಡಿದಾಕಿ ನಾನ.’

ಅವರು ಮುಂದೆ ಬಗ್ಗಿದರು. ‘ಮಾಸ್ತರ್ರಿಗಿ ಗೊತ್ತದೇನ್ರೀ?’ ಎಂದು ದನಿ ತಗ್ಗಿಸಿ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ತಂತಿಯಂತ್ರದ ಕೀಲಿಯ ಮೇಲೆ ಅವರ ಬೆರಳು ಟಕಟಕ ಆಡಿತು. ಅಷ್ಟು ಸಣ್ಣ ಸದ್ದಿಗೆ ನಮ್ಮ ಮನೆಯೆಲ್ಲ ಕಟ್ಟುಬಿದ್ದಿದೆಯಲ್ಲ ಎನಿಸಿತು.

ಮನೆಗೆ ಬಂದು ಪುಸ್ತಕ ತೆರೆದೆ. ಶಾಯಿಯಲ್ಲಿ ಬರೆದದ್ದನ್ನು ಉಜ್ಜಬಾರದು, ಒಂದೇ ಗೆರೆ ಎಳೆಯಬೇಕು, ತಪ್ಪೂ ಕಾಣುತ್ತಿರಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ಈ ಪುಸ್ತಕದ ನಿಯಮವೂ ಅದೇ. ಗೆರೆ ಎಳೆದು, ಮೇಲೆ ಸೊನ್ನೆ ಬರೆದು, ಪಕ್ಕದಲ್ಲಿ ನನ್ನ ಮೊದಲಕ್ಷರ ಹಾಕಿದೆ. ಅಷ್ಟು ದಿನದಲ್ಲಿ ಆ ಪುಸ್ತಕದಲ್ಲಿ ನನ್ನದೆಂದು ಇದ್ದದ್ದು ಅದೊಂದೇ ಅಕ್ಷರ.

ಮೇಲಿನಿಂದ ಉತ್ತರ ಬಂದದ್ದು ಎಷ್ಟೋ ದಿನಗಳ ಮೇಲೆ, ಒಂದೇ ಸಾಲು: ತಿದ್ದುಪಡಿ ತಲುಪಿದೆ. ಯಾರು ನೋಡಿದ್ದು, ಯಾಕೆ ನೋಡಿದ್ದು ಎಂದು ಯಾರೂ ಕೇಳಲಿಲ್ಲ. ಅಲ್ಲಿಯವರೆಗೆ ಪ್ರತಿ ಟಪಾಲಿಗೂ ನಾನು ಬಾಗಿಲಿಗೆ ಓಡಿದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ತಿದ್ದಿದ ದಿನವೇ ಸಂಜೆ ಐದೂವರೆಗೆ ಮತ್ತೆ ಉಷ್ಣಮಾಪಕ ನೋಡಲು ಹೋದೆ. ಪಡುವಣದಲ್ಲಿ ಒಂದು ಮೋಡ ಕಟ್ಟಿ, ನೋಡನೋಡುತ್ತಲೇ ಚದುರಿತು. ಒಳಗೆ ಮಗಳು ನಿದ್ದೆ ಹೋಗಿದ್ದಳು. ಆಯಿ ಗೋಡೆಯಾಚೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

‘ಹೊಡದು ಹಾಕ್ದೇನವ್ವಾ ಅದನ್ನ?’

‘ಹೂಂ ಆಯಿ. ಸೊನ್ನಿ ಬರದೆ.’

ಅವರು ಮೊರವನ್ನೊಮ್ಮೆ ಕೊಡವಿ, ಹೊಟ್ಟನ್ನು ಊದಿ, ತಲೆ ಎತ್ತದೆಯೇ ಅಂದರು: ‘ಹಂಗ ಬಿಟ್ಟಿದ್ರ, ಒಂದು ತಂಬಿಗಿ ಮಳಿಯರೆ ನಮ್ಮೂರ ಹೆಸರಿಗಿ ಇರ್ತಿತ್ತು.’